ನೀವು ಕೇಳಿದ್ದು: ಚಂದ್ರ ಬಿದ್ದು ಸತ್ತವನು ಮತ್ತೆ ಎದ್ದು ಬಂದದ್ದು ಹೇಗೆ?

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಸಾಲು ಬರೆದುಬಿಟ್ಟೆ. ಸ್ಟಾರ್ ವಾರ್ಸ್ ಎಂಬ ಹಾಲಿವುಡ್ ಬಾಹ್ಯಾಕಾಶ ಸಿನಿಮಾ ಸರಣಿಯ ಹಳೆಯ ಕಾದಂಬರಿಗಳು ಈಗ ಲೆಕ್ಕಕ್ಕಿಲ್ಲ ಅಂತ. ಅಷ್ಟೇ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ನಾನೇನೋ ಬೆಣ್ಣೆ ದೋಸೆಗೆ ಡಾಲ್ಡಾ ಹಾಕಿ ಅಂದಿದ್ದೇನೆ ಅನ್ನಬೇಕು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಕೂದಲು ಉದುರುವುದು, ಸೈಟಿನ ಖಾತೆ, ಮಗನ ಮೊಬೈಲ್ ಹುಚ್ಚು ಇವುಗಳ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನನ್ನ ಹತ್ತಿರ ಹದಿನಾಲ್ಕು ಸ್ಟಾರ್ ವಾರ್ಸ್ ಕಾದಂಬರಿಗಳಿವೆ. ಅರ್ಧ ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು, ಅರ್ಧ ಮಾವ ಕೊಟ್ಟದ್ದು. ಹಾಸ್ಟೆಲ್ ಗೆಳೆಯ ಇವು ಕ್ಯಾನನ್ ಅಲ್ಲ, ರದ್ದಿಗೆ ಹಾಕು ಅನ್ನುತ್ತಾನೆ. ಈ ಕ್ಯಾನನ್ ಅಂದರೇನು? ಅದನ್ನು ತೀರ್ಮಾನ ಮಾಡುವವರು ಯಾರು?
ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲನೆಯದಾಗಿ, ರದ್ದಿಗೆ ಹಾಕಬೇಡಿ. ಹಾಕಲೇಬೇಕು ಅನ್ನಿಸಿದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ರದ್ದಿ ರೇಟು ನಾನೇ ಕೊಡುತ್ತೇನೆ.

ಕ್ಯಾನನ್ ಚರ್ಚಿನ ಮಾತು. ಬೈಬಲ್ಲಿನ ಒಳಗೆ ಯಾವ ಯಾವ ಪುಸ್ತಕ ಸೇರುತ್ತವೆ, ಯಾವುದು ಹೊರಗೆ ಅನ್ನುವ ಪಟ್ಟಿ ಅದು. ಅದನ್ನು ಕಥೆಗಳಿಗೆ ತಂದು ಅಂಟಿಸಿದವರು ಷರ್ಲಾಕ್ ಹೋಮ್ಸ್ ಅಭಿಮಾನಿಗಳು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬುವರು (ಮುಂದೆ ಪಾದ್ರಿಯಾದರು) ಹೋಮ್ಸ್ ಕಥೆಗಳನ್ನು ಧರ್ಮಗ್ರಂಥದ ಹಾಗೆ ಹಿಡಿದು, ಸಾಲು ಸಾಲು ಕೆದಕಿ, ಮುಖ ಗಂಟುಹಾಕಿಕೊಂಡು ಒಂದು ತಮಾಷೆಯ ಪ್ರಬಂಧ ಬರೆದರು. ತಮಾಷೆ ಮಾಡಲು ಬರೆದದ್ದು. ಆಮೇಲೆ ಬಂದವರು ತಮಾಷೆ ಬಿಟ್ಟು ಉಳಿದದ್ದನ್ನು ತೆಗೆದುಕೊಂಡರು, ಇವತ್ತು ನಿಮ್ಮ ಹಾಸ್ಟೆಲ್ಲಿನವರೆಗೂ ಬಂದಿದೆ.

ಹೋಮ್ಸ್ ವಿಷಯದಲ್ಲಿ ಲೆಕ್ಕ ಸುಲಭ. ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಕಥೆ, ಮುಗಿಯಿತು. ಸ್ಟಾರ್ ವಾರ್ಸ್ ಒಬ್ಬರ ಕೈಯಲ್ಲಿ ಉಳಿಯಲಿಲ್ಲ. 1977ರಲ್ಲಿ ಸಿನಿಮಾ ಬಂತು, 1983ರಲ್ಲಿ ಮೂರನೆಯದು ಬಂದು ನಿಂತಿತು. 1991ರಲ್ಲಿ ಟಿಮೊಥಿ ಝಾನ್ ಎಂಬ ಲೇಖಕ ಮೂರನೆಯ ಸಿನಿಮಾದ ಮುಂದೇನಾಯಿತು ಅಂತ ಕಾದಂಬರಿ ಬರೆದರು. ಥ್ರಾನ್ ಎಂಬ ನೀಲಿ ಮೈಯ, ಕೆಂಪು ಕಣ್ಣಿನ ಸೇನಾಪತಿ ಹುಟ್ಟಿದ್ದು ಅಲ್ಲಿ. ಆಮೇಲೆ ಕಾದಂಬರಿ, ಕಾಮಿಕ್ಸ್, ವಿಡಿಯೊ ಗೇಮ್, ನಿಲ್ಲಿಸುವವರೇ ಇಲ್ಲ. ಸಿನಿಮಾದ ನಾಯಕ ಲ್ಯೂಕನಿಗೆ ಮದುವೆಯಾಯಿತು, ಮಗುವಾಯಿತು. 1999ರಲ್ಲಿ ಪಾಪದ ಚ್ಯೂಬಾಕಾ (ಮೈತುಂಬ ಕೂದಲಿನ ದೈತ್ಯ, ಪ್ರೀತಿಯಿಂದ ಚ್ಯೂಯಿ) ಮೇಲೆ ಒಂದು ಚಂದ್ರನನ್ನೇ ಬೀಳಿಸಿ ಸಾಯಿಸಿದರು. ಉಪಮೆ ಅಲ್ಲ, ನಿಜವಾದ ಚಂದ್ರ.

ಇಷ್ಟೆಲ್ಲ ಬೆಳೆದಾಗ ಕಂಪನಿಗೇ ಲೆಕ್ಕ ಇಡುವುದು ಕಷ್ಟವಾಯಿತು. ಸಿನಿಮಾ ತಯಾರಿಸಿದ ಲುಕಾಸ್‌ಫಿಲ್ಮ್‌ನಲ್ಲಿ ಹಾಲೊಕ್ರಾನ್ ಅಂತ ಒಂದು ಡೇಟಾಬೇಸ್ ಮಾಡಿ, ಅದನ್ನು ನೋಡಿಕೊಳ್ಳಲು ಲೀಲ್ಯಾಂಡ್ ಚೀ ಎಂಬುವರನ್ನು ಕೂರಿಸಿದರು. ಅದರಲ್ಲಿ ಮೆಟ್ಟಿಲುಗಳಿದ್ದವು. ಮೇಲಿನ ಮೆಟ್ಟಿಲಿನಲ್ಲಿ ಜಾರ್ಜ್ ಲುಕಾಸರ ಸಿನಿಮಾಗಳು, ಕೆಳಗೆ ಟಿವಿ, ಅದಕ್ಕೂ ಕೆಳಗೆ ಕಾದಂಬರಿ ಮತ್ತು ಕಾಮಿಕ್ಸ್. ಮೇಲಿನವರು ಒಂದು ಹೇಳಿ ಕೆಳಗಿನವರು ಇನ್ನೊಂದು ಹೇಳಿದರೆ ಮೇಲಿನದೇ ಸರಿ. ನಮ್ಮ ಅವಿಭಕ್ತ ಕುಟುಂಬದ ಹಾಗೆ.

2012ರಲ್ಲಿ ಡಿಸ್ನಿ ಲುಕಾಸ್‌ಫಿಲ್ಮನ್ನು ಕೊಂಡಿತು. ಹೊಸ ಸಿನಿಮಾ ಮಾಡಬೇಕು, ಆದರೆ ಕಾದಂಬರಿಗಳಲ್ಲಿ ಎಲ್ಲರ ಮುಂದಿನ ಮೂವತ್ತು ನಲವತ್ತು ವರ್ಷದ ಜೀವನ ಬರೆದು ಮುಗಿದಿದೆ, ಚ್ಯೂಯಿ ಸತ್ತಿದ್ದಾನೆ. ಏನು ಮಾಡುವುದು? 2014ರ ಏಪ್ರಿಲ್‌ನಲ್ಲಿ ಅವರು ಹೇಳಿದರು: ಅಲ್ಲಿಯವರೆಗೆ ಬಂದ ಆರು ಸಿನಿಮಾ, ಕ್ಲೋನ್ ವಾರ್ಸ್ ಕಾರ್ಟೂನು ಇವೇ ಕ್ಯಾನನ್, ಹಳೆಯ ಕಾದಂಬರಿಗಳೆಲ್ಲ ಇನ್ನು ಮುಂದೆ ಲೆಜೆಂಡ್ಸ್, ಅಂದರೆ ದಂತಕಥೆ. 2015ರ ಸಿನಿಮಾದಲ್ಲಿ ಚ್ಯೂಯಿ ಏನೂ ಆಗಿಲ್ಲದವನ ಹಾಗೆ ಬಂದ. ಇನ್ನೂ ಮಜಾ ಏನೆಂದರೆ, ಹೊರಗೆ ಹಾಕಿದ ಥ್ರಾನ್‌ನನ್ನು 2016ರಲ್ಲಿ ಕಾರ್ಟೂನಿನ ಮೂಲಕ ವಾಪಸ್ ಕರೆದರು. ಮನೆಯಿಂದ ಎಲ್ಲರನ್ನೂ ಓಡಿಸಿ, ಆಮೇಲೆ ಚೆನ್ನಾಗಿ ದುಡಿಯುವ ಅಳಿಯನನ್ನು ಮಾತ್ರ ಕರೆದುಕೊಂಡ ಹಾಗೆ.

ಹಾಗಾದರೆ ತೀರ್ಮಾನ ಮಾಡುವವರು ಯಾರು? ಹಕ್ಕು ಯಾರ ಹತ್ತಿರ ಇದೆಯೋ ಅವರು. ಆದರೆ ಅವರ ತೀರ್ಮಾನ ಅವರ ಮುಂದಿನ ಲೇಖಕರಿಗೆ. ನೀವು ಅವರ ಹತ್ತಿರ ಸಂಬಳಕ್ಕಿಲ್ಲ. ನೀವು ಓದಿ ಅತ್ತದ್ದನ್ನು ರದ್ದು ಮಾಡಲು ಯಾವ ಕಂಪನಿಗೂ ಆಗುವುದಿಲ್ಲ.

ಪ್ರಶ್ನೆ: ಕ್ಯಾನನ್ ಮತ್ತು ಕಂಟಿನ್ಯೂಟಿ ಒಂದೇ ಅಲ್ವಾ? ಇನ್ನು ಈ ರೆಟ್‌ಕಾನ್ ಯಾವುದು?
ಓದುಗರು, ಎಂಸಿಸಿ ಬ್ಲಾಕ್, ದಾವಣಗೆರೆ

ಉತ್ತರ: ಒಂದೇ ಅಲ್ಲ. ಯಾವ ಕಥೆ ಲೆಕ್ಕಕ್ಕಿದೆ ಅನ್ನುವುದು ಕ್ಯಾನನ್. ಲೆಕ್ಕಕ್ಕಿರುವ ಕಥೆಗಳು ಒಂದಕ್ಕೊಂದು ಹೊಂದುತ್ತವಾ ಅನ್ನುವುದು ಕಂಟಿನ್ಯೂಟಿ. ಹೋಮ್ಸ್ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ಬಿದ್ದದ್ದು ಮೊದಲ ಕಾದಂಬರಿಯಲ್ಲಿ ಹೆಗಲಿಗೆ, ಎರಡನೆಯದರಲ್ಲಿ ಕಾಲಿಗೆ. ಎರಡೂ ಕ್ಯಾನನ್. ಕಂಟಿನ್ಯೂಟಿ ಮಾತ್ರ ಕುಂಟುತ್ತಿದೆ.

ರೆಟ್‌ಕಾನ್ ಅಂದರೆ ಇವತ್ತಿನ ಕಥೆಗೋಸ್ಕರ ನಿನ್ನೆಯ ಕಥೆಯ ಅರ್ಥ ತಿದ್ದುವುದು. ಇದನ್ನು ಸುಮ್ನೆ ಆಗುವ ಬದಲಾವಣೆಯ ಜೊತೆ ಕಲಸಬೇಡಿ. 1997ಕ್ಕೆ ಮೊದಲು ಹುಟ್ಟಿದ ನಮ್ಮೂರಿನವರ ಹಳೆಯ ಸರ್ಟಿಫಿಕೇಟು ತೆಗೆದು ನೋಡಿ, ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತ ಇರುತ್ತದೆ. ಆ ವರ್ಷ ದಾವಣಗೆರೆಯೇ ಜಿಲ್ಲೆಯಾಯಿತು. ಇದರಲ್ಲಿ ತಪ್ಪಿಲ್ಲ, ಕಾಲ ಮುಂದೆ ಹೋಗಿದೆ, ಅಷ್ಟೇ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ನಮಗೆ ಬಂದು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದನ್ನೂ ಕಂಟಿನ್ಯೂಟಿ ತಪ್ಪು ಅನ್ನಲಾಗದು. ಆದರೆ ನಾಳೆ ಯಾರಾದರೂ ಬಂದು, ದಾವಣಗೆರೆ ಮೊದಲಿನಿಂದಲೂ ಬೇರೆ ಜಿಲ್ಲೆಯೇ ಆಗಿತ್ತು, ಚಿತ್ರದುರ್ಗ ಅಂತ ಬರೆದದ್ದು ಒಂದು ಗುಟ್ಟು ಮುಚ್ಚಲು ಎಂದರೆ, ಅದು ರೆಟ್‌ಕಾನ್.

ಎಲ್ಲಕ್ಕಿಂತ ದೊಡ್ಡ ರೆಟ್‌ಕಾನ್ ನಿಮಗೆ ಗೊತ್ತೇ ಇದೆ. 1977ರ ಸ್ಟಾರ್ ವಾರ್ಸ್‌ನಲ್ಲಿ ಮುದಿ ಗುರು ಓಬಿವಾನ್, ನಿನ್ನ ಅಪ್ಪನನ್ನು ಖಳ ಡಾರ್ತ್ ವೇಡರ್ ಕೊಂದ ಅಂತ ಲ್ಯೂಕನಿಗೆ ಹೇಳಿದ. 1980ರಲ್ಲಿ ವೇಡರೇ ಅಪ್ಪ ಅಂತಾಯಿತು. 1983ರಲ್ಲಿ ಓಬಿವಾನ್ ಭೂತವಾಗಿ ಬಂದು, ನಾನು ಹೇಳಿದ್ದು ಒಂದು ದೃಷ್ಟಿಯಿಂದ ನಿಜ ಅಂದ. ಜಗತ್ತಿನ ಯಾವ ಮುದುಕನೂ ಇಷ್ಟು ಸಲೀಸಾಗಿ ಸುಳ್ಳಿನಿಂದ ಜಾರಿಕೊಂಡಿಲ್ಲ. ಆದರೂ ಜನ ಒಪ್ಪಿದರು. ಯಾಕೆ ಅನ್ನುವುದಕ್ಕೆ ಕೆಳಗಿನ ಉತ್ತರ ಓದಿ.

ಪ್ರಶ್ನೆ: ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶದ ಹಳೆಯ ಸೀರಿಯಲ್ಲಿನಲ್ಲಿ ಕ್ಲಿಂಗಾನರ (ಅನ್ಯಗ್ರಹದ ಯೋಧರು) ಹಣೆ ನಮ್ಮ ಹಾಗೇ ಇದೆ. ಆಮೇಲಿನದರಲ್ಲಿ ಹಣೆಯ ಮೇಲೆ ಜೋಗಿಮಟ್ಟಿ ಬೆಟ್ಟವೇ ಎದ್ದಿದೆ. ಇದಕ್ಕೆ ಯಾರಾದರೂ ಉತ್ತರ ಕೊಟ್ಟಿದ್ದಾರಾ, ಇಲ್ಲ ನಾವೇ ಕಣ್ಣು ಮುಚ್ಚಿಕೊಳ್ಳಬೇಕಾ?
ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಉತ್ತರ: ಈ ಪತ್ರಕ್ಕೋಸ್ಕರವೇ ಈ ತಿಂಗಳ ಅಂಕಣ ಬರೆದೆ ಅಂದುಕೊಳ್ಳಿ.

ನಿಜವಾದ ಕಾರಣ ದುಡ್ಡು. ಜೀನ್ ರಾಡನ್‌ಬೆರಿ 1966ರಲ್ಲಿ ಸೀರಿಯಲ್ ಶುರು ಮಾಡಿದಾಗ ಮೇಕಪ್ಪಿಗೆ ಹಣವಿರಲಿಲ್ಲ. ಮುಖಕ್ಕೆ ಕಂದು ಬಣ್ಣ, ಒಂದು ಮೀಸೆ, ಇವನೇ ಕ್ಲಿಂಗಾನ್. 1979ರಲ್ಲಿ ಸಿನಿಮಾ ಮಾಡಿದಾಗ ಕೈಯಲ್ಲಿ ಕಾಸಿತ್ತು, ಹಣೆಯ ಮೇಲೆ ದಿಣ್ಣೆ ಬಂತು. ಯಾರೂ ವಿವರಣೆ ಕೊಡಲಿಲ್ಲ. 1987ರಲ್ಲಿ ಹೊಸ ಸೀರಿಯಲ್ ಬಂದಾಗ ವರ್ಫ್ ಎಂಬ ಕ್ಲಿಂಗಾನ್ ನಾಯಕರ ಪಾಳಯದಲ್ಲೇ ನಿಂತ, ದಿಣ್ಣೆ ಖಾಯಂ ಆಯಿತು. ಆಗಲೂ ವಿವರಣೆ ಇಲ್ಲ. ಜನ ಕಣ್ಣು ಮುಚ್ಚಿಕೊಂಡಿದ್ದರು. ನಾಟಕದ ಊರಿನವರಾದ ನಮಗೆ ಇದು ಹೊಸದಲ್ಲ. ಕಂಪನಿ ನಾಟಕದಲ್ಲಿ ನಿನ್ನೆ ಭೀಮನಾದವನು ಜ್ವರ ಬಂದು ಮಲಗಿದರೆ ಇವತ್ತು ಇನ್ನೊಬ್ಬ ಸಣಕಲು ಭೀಮ ಬರುತ್ತಾನೆ, ಗದೆ ಅದೇ ಇದ್ದರೆ ಸಾಕು, ಯಾರೂ ಎದ್ದು ಕೇಳುವುದಿಲ್ಲ.

ತೊಂದರೆ ಬಂದದ್ದು 1996ರಲ್ಲಿ. ಸ್ಟಾರ್ ಟ್ರೆಕ್‌ಗೆ ಮೂವತ್ತು ವರ್ಷವಾಯಿತು ಅಂತ ಡೀಪ್ ಸ್ಪೇಸ್ ನೈನ್ ಸೀರಿಯಲ್ಲಿನವರು ತಮ್ಮ ಪಾತ್ರಗಳನ್ನು ಕಾಲದಲ್ಲಿ ಹಿಂದಕ್ಕೆ ಕಳಿಸಿ, 1967ರ ಒಂದು ಹಳೆಯ ಕಂತಿನ ಒಳಗೇ ಕೂರಿಸಿದರು. ಈಗ ಒಂದೇ ಕೋಣೆಯಲ್ಲಿ ದಿಣ್ಣೆ ಹಣೆಯ ವರ್ಫ್ ಇದ್ದಾನೆ, ಸಪಾಟು ಹಣೆಯ ಕ್ಲಿಂಗಾನರೂ ಇದ್ದಾರೆ. ಜೊತೆಗಿದ್ದವರು ವರ್ಫ್ ಕಡೆ ತಿರುಗಿ, ಏನಪ್ಪಾ ಇದು ಅಂದರು. ಅವನು ಮುಖ ಬಿಗಿದುಕೊಂಡು ಹೇಳಿದ್ದಿಷ್ಟೇ: ಇದು ದೊಡ್ಡ ಕಥೆ, ನಾವು ಹೊರಗಿನವರ ಹತ್ತಿರ ಈ ವಿಷಯ ಮಾತಾಡುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಚೆಂದದ ಉತ್ತರ ಇನ್ನೊಂದಿಲ್ಲ. ತೂತಿದೆ ಅಂತ ಒಪ್ಪಿದರು, ಮುಚ್ಚಲಿಲ್ಲ. ಪ್ರತಿ ಮನೆಯಲ್ಲೂ ಇಂಥ ಒಂದು ವಿಷಯ ಇರುತ್ತದೆ, ಚಿಕ್ಕಪ್ಪ ಯಾಕೆ ಆಸ್ತಿ ಬಿಟ್ಟು ಹೋದ, ಅತ್ತೆ ಯಾಕೆ ಹಬ್ಬಕ್ಕೆ ಬರುವುದಿಲ್ಲ. ಆ ಒಂದು ಮಾತಿನಿಂದ ಕ್ಲಿಂಗಾನರು ನಮ್ಮ ನೆಂಟರಾದರು.

ಆದರೆ ಬಿಡುವವರುಂಟೇ. 2005ರಲ್ಲಿ ಎಂಟರ್‌ಪ್ರೈಸ್ ಸೀರಿಯಲ್ಲಿನಲ್ಲಿ ಎರಡು ಕಂತು ಇಟ್ಟು ಪೂರ್ತಿ ಲೆಕ್ಕ ಕೊಟ್ಟರು. ಕ್ಲಿಂಗಾನರು ಮನುಷ್ಯರ ಜೀನ್ ತಿದ್ದಿದ ವಿದ್ಯೆ ಕದ್ದು, ತಮ್ಮಲ್ಲೇ ಬಲಭೀಮರನ್ನು ಮಾಡಲು ಹೊರಟರು. ಅದು ಕೆಟ್ಟು ವೈರಸ್ ಆಗಿ ಹಬ್ಬಿತು. ಜೀವ ಉಳಿಯಿತು, ಹಣೆಯ ದಿಣ್ಣೆ ಹೋಯಿತು. ಆ ಮಕ್ಕಳೇ ಮುಂದೆ ಹಳೆಯ ಸೀರಿಯಲ್ಲಿನ ನಾಯಕ ಕರ್ಕ್ ಕಾಲದ ಸಪಾಟು ಹಣೆಯವರು. ನಾನು ಇದನ್ನು ಬೈಯಬೇಕು ಅಂತಲೇ ನೋಡಲು ಕೂತೆ. ಬೈಯಲು ಆಗಲಿಲ್ಲ. ಯಾಕೆಂದರೆ ಅದರಲ್ಲಿ ಒಂದು ಕಥೆ ಇದೆ: ಮುಖವೇ ಗೌರವ ಅಂತ ತಿಳಿದ ಜನ ಮುಖ ಕಳೆದುಕೊಂಡರೆ ಏನಾಗುತ್ತದೆ? ವರ್ಫ್ ಬಾಯಿ ಬಿಡದಿದ್ದದ್ದಕ್ಕೂ ಈಗ ಒಂದು ಭಾರ ಬಂತು.

ನನ್ನ ಅಳತೆ ಇದೇ. ತೇಪೆ ಹಾಕುವುದಾದರೆ ಆ ತೇಪೆಯಿಂದ ಒಂದು ಕಥೆ ಹುಟ್ಟಬೇಕು. ಹುಟ್ಟುವುದಿಲ್ಲ ಅಂದರೆ ತೂತನ್ನು ತೂತಾಗಿಯೇ ಬಿಡಿ, ಗಾಳಿ ಆಡುತ್ತದೆ. ವೇಡರ್ ಅಪ್ಪನಾದದ್ದನ್ನು ಜನ ಒಪ್ಪಿದ್ದು ಇದಕ್ಕೇ. ಸುಳ್ಳು ಸಿಕ್ಕಿಬಿತ್ತು, ಆದರೆ ಕಥೆ ಎರಡು ಪಟ್ಟಾಯಿತು.

ಅಭಿಮಾನಿಗಳು ಹಾಕುವ ತೇಪೆಯೂ ಕಡಿಮೆ ಇಲ್ಲ. ಸ್ಟಾರ್ ಟ್ರೆಕ್‌ನಲ್ಲಿ ಖಾನ್ ಎಂಬ ಖಳ ಮೊದಲು ಬಂದದ್ದು 1967ರ ಫೆಬ್ರವರಿಯ ಕಂತಿನಲ್ಲಿ. ಆಗ ಹಡಗಿನ ಸಿಬ್ಬಂದಿ ಚೆಕೋವ್ ಎಂಬ ಪಾತ್ರವೇ ಇರಲಿಲ್ಲ, ಅವನು ಬಂದದ್ದು ಎರಡನೇ ಸೀಸನ್‌ನಲ್ಲಿ. ಆದರೆ 1982ರ ಸಿನಿಮಾದಲ್ಲಿ ಖಾನ್ ಚೆಕೋವ್‌ನನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ! ಚೆಕೋವ್ ಮಾಡಿದ ನಟ ವಾಲ್ಟರ್ ಕೋನಿಗ್ ಅಭಿಮಾನಿಗಳಿಗೆ ಹೇಳುವ ಸಮಾಧಾನ ಹೀಗಿದೆ. ಚೆಕೋವ್ ಹಡಗಿನಲ್ಲೇ ಇದ್ದ, ಕ್ಯಾಮೆರಾಕ್ಕೆ ಕಾಣದ ಕಡೆ ಇದ್ದ. ಖಾನ್‌ಗೆ ಅರ್ಜೆಂಟಾಗಿ ಟಾಯ್ಲೆಟ್‌ಗೆ ಹೋಗಬೇಕಿತ್ತು, ಒಳಗೆ ಚೆಕೋವ್ ಕೂತು ತುಂಬಾ ಹೊತ್ತು ಹೊರಗೇ ಬರಲಿಲ್ಲ. ಅಂಥ ಮುಖವನ್ನು ಯಾರು ಮರೆಯುತ್ತಾರೆ?

ಪ್ರಶ್ನೆ: ಇದೆಲ್ಲ ಅಮೆರಿಕದವರ ಕೆಲಸವಿಲ್ಲದ ಚರ್ಚೆ. ನಮಗೆ ಯಾಕೆ?
ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, 941ರ ಹೊತ್ತಿಗೆ ಪಂಪ ಏನು ಮಾಡಿದ ಅಂತ ನಮಗೆ ಪಾಠ ಮಾಡಿದವರು ನಿಮ್ಮಂಥವರೇ. ಅವನ ಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನ ಒಬ್ಬನ ಹೆಂಡತಿ. ಯಾಕೆ? ಕಾವ್ಯದ ಅರ್ಜುನ ಅಂದರೆ ಆಶ್ರಯ ಕೊಟ್ಟ ದೊರೆ ಅರಿಕೇಸರಿ. ದೊರೆಯ ಹೆಂಡತಿಯನ್ನು ಐವರಿಗೆ ಹಂಚಲು ಆಗುತ್ತದಾ? ವ್ಯಾಸರ ಕಂಟಿನ್ಯೂಟಿ ಮುರಿದು ಹೊಸ ಭಾರತ ಕಟ್ಟಿದ. ಆಮೇಲೆ ಕುಮಾರವ್ಯಾಸ ಬಂದು ಐವರನ್ನೂ ವಾಪಸ್ ತಂದ. ನಾವು ಇಬ್ಬರನ್ನೂ ಓದುತ್ತೇವೆ. ಪಂಪ ಲೆಕ್ಕಕ್ಕಿಲ್ಲ ಅಂತ ಯಾರೂ ಪ್ರಕಟಣೆ ಹೊರಡಿಸಲಿಲ್ಲ. ಇನ್ನು ನಮ್ಮ ಕಡೆ ಬಯಲಾಟದಲ್ಲಿ ರಾತ್ರಿ ಎರಡು ಗಂಟೆಗೆ ಪಾತ್ರಧಾರಿ ಒಂದು ಪದ ಹಾರಿಸಿದರೆ, ಕಂಬಳಿ ಹೊದ್ದು ಕೂತ ಅಜ್ಜ ಅಲ್ಲಿಂದಲೇ ಕೂಗಿ ಹೇಳುತ್ತಾನೆ. ಅವನಿಗೆ ಕಂಟಿನ್ಯೂಟಿ ಅನ್ನುವ ಪದ ಗೊತ್ತಿಲ್ಲ, ಅಷ್ಟೇ.

ಪ್ರಶ್ನೆ: ಸ್ಟಾರ್ ವಾರ್ಸ್‌ನ ಹಾನ್ ಸೋಲೊ ತನ್ನ ಆಕಾಶ ಹಡಗು ಕೆಸೆಲ್ ದಾರಿಯನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿತು ಅನ್ನುತ್ತಾನೆ. ಪಾರ್ಸೆಕ್ ದೂರದ ಅಳತೆ ಅಲ್ವಾ?
ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಹರಿಹರ

ಉತ್ತರ: ಹೌದು ಪುಟ್ಟಿ, ದೂರದ ಅಳತೆಯೇ. ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ. ಹಾನ್ ಹೇಳಿದ್ದು, ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹನ್ನೆರಡು ಕಿಲೋಮೀಟರಿನಲ್ಲಿ ಬೈಕ್ ಓಡಿಸಿದೆ ಅಂದ ಹಾಗಾಯಿತು. 2018ರ ಸಿನಿಮಾದಲ್ಲಿ ಇದಕ್ಕೆ ತೇಪೆ ಹಾಕಿದರು. ಆ ದಾರಿ ತುಂಬಾ ಅಪಾಯದ್ದು, ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ, ಇವನು ಅಡ್ಡದಾರಿ ಹಿಡಿದು ದೂರ ಕಡಿಮೆ ಮಾಡಿದ ಅಂತ. ಲೆಕ್ಕ ಸರಿಹೋಯಿತು. ಆದರೆ 1977ರಲ್ಲಿ ಅವನು ಸಾಲದಲ್ಲಿ ಮುಳುಗಿ, ಇಬ್ಬರು ಹಳ್ಳಿ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ, ಅಲ್ವಾ? ಬುರುಡೆ ಬಿಡುವವನನ್ನು ಸತ್ಯವಂತನನ್ನಾಗಿ ಮಾಡಿದರೆ ಏನು ಸಿಕ್ಕಿತು? ಈ ತೂತನ್ನು ಬಿಡಬೇಕಿತ್ತು. ನಿಮ್ಮ ಸೈನ್ಸ್ ಟೀಚರ್‌ಗೆ ನನ್ನ ನಮಸ್ಕಾರ ಹೇಳು.

ಪ್ರಶ್ನೆ: ಸ್ಟಾರ್ ವಾರ್ಸ್ ಯಾವ ಕ್ರಮದಲ್ಲಿ ನೋಡಬೇಕು?
ಹಲವರು

ಉತ್ತರ: ತೆರೆಗೆ ಬಂದ ಕ್ರಮದಲ್ಲಿ. ಹಿಂದಿನ ಕಥೆ ಹೇಳುವ, 1999ರಿಂದ ಬಂದ ಮೂರನ್ನು ಮೊದಲು ನೋಡಿದರೆ ವೇಡರ್ ಗುಟ್ಟು ಮೊದಲೇ ಬಯಲಾಗುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಕ್ಯಾನನ್ ಪಟ್ಟಿಯೇ ಇಲ್ಲದೆ ಇಷ್ಟು ವರ್ಷ ನಡೆದ ಸರಣಿ ಯಾವುದಾದರೂ ಇದೆಯಾ?
ಗ್ರಂಥಾಲಯ ಸಿಬ್ಬಂದಿ, ಚಿತ್ರದುರ್ಗ

ಉತ್ತರ: ಇದೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಎಂಬ ನಾಯಕನ ಸರಣಿ, ಬಿಬಿಸಿಯ ಡಾಕ್ಟರ್ ಹೂ. 1963ರ ನವೆಂಬರ್‌ನಲ್ಲಿ ಶುರುವಾದದ್ದು. ಇದು ಕ್ಯಾನನ್, ಇದು ಅಲ್ಲ ಅಂತ ಬಿಬಿಸಿ ಎಂದೂ ಪಟ್ಟಿ ಕೊಟ್ಟಿಲ್ಲ. 1966ರಲ್ಲಿ ಮುಖ್ಯ ನಟನಿಗೆ ಆರೋಗ್ಯ ಸರಿಯಿರಲಿಲ್ಲ. ನಾಯಕನೇ ಮೈ ಬದಲಿಸುತ್ತಾನೆ ಅಂತ ಮಾಡಿ ಇನ್ನೊಬ್ಬ ನಟನನ್ನು ತಂದರು. ಇದಕ್ಕಿಂತ ಒಳ್ಳೆಯ ತೇಪೆ ಬೇಕಾ? ಅದರ ಮೇಲೆಯೇ ಸರಣಿ ಇವತ್ತಿನವರೆಗೆ ನಿಂತಿದೆ. 1976ರಲ್ಲಿ ಒಬ್ಬರು ಹನ್ನೆರಡು ಸಲ ಮಾತ್ರ ಮೈ ಬದಲಿಸಬಹುದು ಅಂತ ಬರೆದರು. ಹನ್ನೆರಡು ಯಾವ ಕಾಲಕ್ಕೆ ಮುಗಿಯುತ್ತದೆ ಅಂದುಕೊಂಡಿರಬೇಕು. 2013ರಲ್ಲಿ ಮುಗಿದೇಹೋಯಿತು! ಇನ್ನೊಂದು ಸುತ್ತು ವರ ಕೊಡಿಸಬೇಕಾಯಿತು.

ಯುನಿಟ್ ಎಂಬ ಸೇನಾ ದಳದ ಕಥೆಗಳು ನಡೆಯುವುದು ಯಾವ ವರ್ಷ ಅನ್ನುವುದಂತೂ ಬಗೆಹರಿಯದ ವ್ಯಾಜ್ಯ. 1975ರ ಕಥೆಯಲ್ಲಿ ಡಾಕ್ಟರ್ ಜೊತೆಗಾತಿ ಸಾರಾ ಜೇನ್, ನಾನು 1980ರವಳು ಅನ್ನುತ್ತಾಳೆ. 1983ರ ಕಥೆ ನೋಡಿದರೆ ದಳದ ಬ್ರಿಗೇಡಿಯರ್ 1976ಕ್ಕೇ ರಿಟೈರ್ ಆಗಿದ್ದಾನೆ. ಎರಡೂ ಹೊಂದುವುದಿಲ್ಲ. ಲೇಖಕರು ಏನು ಮಾಡಿದರು? 2008ರಲ್ಲಿ ಡಾಕ್ಟರ್ ಬಾಯಲ್ಲೇ, ನಾನು ಅವರ ಜೊತೆ ಕೆಲಸ ಮಾಡಿದ್ದು ಎಪ್ಪತ್ತರಲ್ಲಾ ಎಂಬತ್ತರಲ್ಲಾ ಅಂತ ತಲೆ ಕೆರೆಸಿ ಮುಂದೆ ಹೋದರು.

ನಿಮ್ಮ ಊರಿನಲ್ಲೇ ಇರುವುದನ್ನು ನಿಮಗೆ ಹೇಳಬೇಕಾ. ಕೋಟೆಯಲ್ಲಿ ಓಬವ್ವನ ಕಿಂಡಿ ಹತ್ತಿರ ಒಂದು ಗಂಟೆ ನಿಂತರೆ ನಾಲ್ಕು ಜನ ನಾಲ್ಕು ಥರ ಕಥೆ ಹೇಳುವುದನ್ನು ಕೇಳಬಹುದು. ಕಿಂಡಿ, ಒನಕೆ, ಹೈದರಾಲಿಯ ಸೈನಿಕರು ಎಲ್ಲದರಲ್ಲೂ ಇರುತ್ತಾರೆ. ಎಷ್ಟು ಜನರನ್ನು ಹೊಡೆದಳು ಅನ್ನುವ ಲೆಕ್ಕ ಮಾತ್ರ ಹೇಳುವವರ ಹುರುಪಿನ ಮೇಲೆ ಹೋಗುತ್ತದೆ. ಯಾರೂ ಜಗಳ ಮಾಡುವುದಿಲ್ಲ. ಒನಕೆಯ ಬದಲು ಕತ್ತಿ ಅಂದು ನೋಡಿ, ಆಗ ಗೊತ್ತಾಗುತ್ತದೆ. ಡಾಕ್ಟರ್ ಹೂನಲ್ಲೂ ಹಾಗೇ, ಡಾಕ್ಟರ್ ಕಾಲದಲ್ಲಿ ಓಡಾಡುವ ಆ ನೀಲಿ ಪೆಟ್ಟಿಗೆ ಒಂದನ್ನು ಕದಲಿಸಬೇಡಿ, ಉಳಿದದ್ದು ಏನು ಬೇಕಾದರೂ ಆಗಲಿ.

ಪ್ರಶ್ನೆ: ಊರವರ ತಪ್ಪು ಹಿಡಿಯುತ್ತೀರಿ. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ, ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಮೊದಲು ನೋಡಿದಾಗ ಹತ್ತನೇ ಕ್ಲಾಸ್ ಮುಗಿದಿತ್ತು ಅಂದಿರಿ. ಯುಗಾದಿ ಸಂಚಿಕೆಯಲ್ಲಿ, ಹತ್ತನೇ ಕ್ಲಾಸಿಗೆ ಓದುತ್ತಾ ನೋಡಿದೆ ಅಂದಿರಿ. ಯಾವುದು ಕ್ಯಾನನ್?
ಹಳೆಯ ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಎರಡೂ. ಹತ್ತನೇ ಕ್ಲಾಸ್ ಮುಗಿದಿತ್ತು, ಗಣಿತ ಮುಗಿದಿರಲಿಲ್ಲ. ಮತ್ತೆ ಪರೀಕ್ಷೆಗೆ ಕಟ್ಟಿ ಮನೆಯಲ್ಲಿ ಕೂತಿದ್ದೆ. ಓದಲು ಹೋಗುತ್ತೇನೆ ಅಂತ ಹೇಳಿ ಪಕ್ಕದ ಮನೆಗೆ ಹೋಗಿ, ಅವರ ಕಪ್ಪು ಬಿಳುಪು ಟಿವಿಯ ಮುಂದೆ ಸ್ಟಾರ್ ಟ್ರೆಕ್‌ನ ಸ್ಪಾಕ್‌ನ ಚೂಪು ಕಿವಿ ನೋಡುತ್ತಿದ್ದೆ. ಹೆಂಡತಿಗೂ ಮಕ್ಕಳಿಗೂ ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೊರಗಿನವರ ಹತ್ತಿರ ಈ ವಿಷಯ ಮಾತಾಡುವುದಿಲ್ಲ.